ಹಣದ ಮುಗ್ಗಟ್ಟಿನಲ್ಲಿ ಮುಂದಾಳುತನ
(ಅಮೇರಿಕೆಯ ಒಂದು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ನಿದರ್ಶನ)

ಮನೆಯಲ್ಲಿ ಕಾಳುಕಡಿ ತುಂಬಿರುವಾಗ ಯಜಮಾನನ ಗುಣವು ಹೊರಗೆ ಬೀಳುವುದಿಲ್ಲ. ಮಳೆ ತಪ್ಪಿ, ಹಗೇವು ಬರಿದಾಗಿ, ಉಳಿದ ಹತ್ತು ಸೇರು ಜೋಳವನ್ನು ಎಂಟು ಬಾಯಿಗಳಿಗೆ ಹಂಚಬೇಕಾಗಿ ಬಂದ ವರ್ಷವೇ ಅವನ ವಿವೇಕವೂ ನ್ಯಾಯಬುದ್ಧಿಯೂ ಬೆಳಕಿಗೆ ಬರುವುವು. ಯಾರ ತಾಟಿನಿಂದ ಮೊದಲು ರೊಟ್ಟಿಯನ್ನು ತೆಗೆದನು? ತೆಗೆಯುವ ಮೊದಲು ಮನೆಮಂದಿಗೆ ಹಗೇವಿನ ಸ್ಥಿತಿಯನ್ನು ತಿಳಿಸಿದನೋ, ಇಲ್ಲವೋ? ತೆಗೆದುದು ತಪ್ಪೆಂದು ಕಂಡಾಗ ಅದನ್ನು ಮರಳಿ ಇಟ್ಟನೋ, ಇಲ್ಲವೋ? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಆ ಯಜಮಾನನ ನಿಜವಾದ ಅಳತೆ.

ಸಂಸ್ಥೆಗಳ ವಿಷಯವೂ ಹೀಗೆಯೇ. ಶಾಲೆಯಾಗಲಿ, ಸಹಕಾರಿ ಸಂಘವಾಗಲಿ, ದೊಡ್ಡ ವಿಶ್ವವಿದ್ಯಾಲಯವಾಗಲಿ, ಹಣ ಸಾಲದೆ ಬಂದಾಗ ಅದನ್ನು ನಡೆಸುವವರು ಏನು ಮಾಡಿದರು, ಹೇಗೆ ಮಾಡಿದರು ಎಂಬುದನ್ನು ತೂಗಿನೋಡಲು ಕಲಿಯುವುದು ವಿದ್ಯಾವಂತರಾಗಬೇಕೆಂಬವರಿಗೆಲ್ಲ ಅವಶ್ಯಕ. ಹಾಗೆ ತೂಗಿನೋಡುವುದೆಂದರೆ ಬೈಯುವುದಲ್ಲ, ಹೊಗಳುವುದೂ ಅಲ್ಲ. ಸಂಗತಿಗಳನ್ನು ಮೊದಲು ತಿಳಿದು, ಆಮೇಲೆ ಅಳತೆಗೋಲುಗಳನ್ನು ನಿಶ್ಚಯಿಸಿ, ಕೊನೆಗೆ ತೀರ್ಪು ಕೊಡುವುದು. ಈ ಕ್ರಮವನ್ನು ಅಭ್ಯಾಸ ಮಾಡುವುದಕ್ಕಾಗಿ ದೂರದೇಶದ ಒಂದು ನಿದರ್ಶನವನ್ನು ಈ ಪಾಠದಲ್ಲಿ ಎತ್ತಿಕೊಳ್ಳುತ್ತೇವೆ. ದೂರದ ಸಂಗತಿಯನ್ನು ನಿಷ್ಪಕ್ಷಪಾತವಾಗಿ ನೋಡುವುದು ಸುಲಭ. ಅಲ್ಲಿ ಕಲಿತುದನ್ನು ಸಮೀಪದಲ್ಲಿ ಉಪಯೋಗಿಸುವುದು ನಮ್ಮ ನಮ್ಮ ಕೈಯಲ್ಲಿದೆ.

೧. ಕ್ರೀಡಾ ನಿರ್ದೇಶಕರೆಂದರೆ ಯಾರು?

ನಮ್ಮ ಶಾಲೆಗಳಲ್ಲಿ ಆಟ ಕಲಿಸುವ ಡ್ರಿಲ್ ಮಾಸ್ತರರನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅಮೇರಿಕೆಯ ಕಾಲೇಜುಗಳ ಕ್ರೀಡಾ ನಿರ್ದೇಶಕರ ಕೆಲಸವು ಅದಕ್ಕಿಂತ ಬಹಳ ಬೇರೆಯಾದುದು. ಅವರು ಸೀಟಿ ಹಿಡಿದು ಮೈದಾನದಲ್ಲಿ ನಿಲ್ಲುವವರಲ್ಲ. ಹತ್ತಾರು ತಂಡಗಳ ತರಬೇತುದಾರರನ್ನು ನೇಮಿಸುವುದು, ಕ್ರೀಡಾಪಟುಗಳ ವಿದ್ಯಾರ್ಥಿವೇತನವನ್ನು ಗೊತ್ತುಪಡಿಸುವುದು, ಮೈದಾನ ಮತ್ತು ಈಜುಕೊಳಗಳನ್ನು ಕಟ್ಟಿಸುವುದು, ದಾನಿಗಳನ್ನು ಕಂಡು ಹಣ ಕೂಡಿಸುವುದು, ವರ್ಷದ ಆಯವ್ಯಯವನ್ನು ಸರಿದೂಗಿಸುವುದು, ಇವೆಲ್ಲ ಅವರ ಹೊಣೆ. ಅರ್ಧ ಶಿಕ್ಷಕ, ಅರ್ಧ ವ್ಯಾಪಾರಿ ಎಂಬ ಇಕ್ಕಟ್ಟಿನ ಸ್ಥಾನ ಅವರದು. ವಿಶ್ವವಿದ್ಯಾಲಯದ ಅಧ್ಯಕ್ಷರ ಕೈಕೆಳಗೆ ಅವರು ಕೆಲಸ ಮಾಡುತ್ತಾರೆಂಬುದನ್ನು ಮರೆಯಬಾರದು. ದೊಡ್ಡ ನಿರ್ಧಾರಗಳಲ್ಲಿ ಅವರ ಸಹಿಯೊಂದೇ ಇರುವುದಿಲ್ಲ.

ಆ ದೇಶದಲ್ಲಿ ಕಾಲೇಜು ಕ್ರೀಡೆಗಳು ದೊಡ್ಡ ವ್ಯವಹಾರವಾಗಿ ಬೆಳೆದಿವೆ. ಅವುಗಳಲ್ಲಿ ಬಹುಪಾಲನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಘವು ೧೯೦೬ರಲ್ಲಿ ಹುಟ್ಟಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೇರಿಕನ್ ಫುಟ್‌ಬಾಲ್, ಪುರುಷರ ಬಾಸ್ಕೆಟ್‌ಬಾಲ್, ಇವೆರಡೇ ಸಾಮಾನ್ಯವಾಗಿ ದೊಡ್ಡ ಆದಾಯ ತರುವ ಆಟಗಳು. ದೂರದರ್ಶನದ ಕಂಪನಿಗಳು ಕೊಡುವ ಹಣ, ಟಿಕೇಟಿನ ಹಣ, ದಾನಿಗಳ ಕಾಣಿಕೆ ಹೆಚ್ಚಾಗಿ ಇವುಗಳ ಮೂಲಕವೇ ಬರುತ್ತವೆ. ಈಜು, ಕುಸ್ತಿ, ಹಾಕಿ, ಕತ್ತಿವರಸೆ ಮೊದಲಾದ ಉಳಿದ ಆಟಗಳು ಆ ಆದಾಯದ ನೆರಳಿನಲ್ಲಿ ಬದುಕುತ್ತವೆ. ಒಂದೇ ಮನೆಯಲ್ಲಿ ಇಬ್ಬರು ದುಡಿದು ಹನ್ನೆರಡು ಜನ ಉಣ್ಣುವ ಸಂಸಾರದಂತೆ ಇದು ಎಂದರೆ ತಪ್ಪಾಗಲಾರದು. ದುಡಿಯುವವರ ಕೈ ನಿಂತಿತೋ, ಉಳಿದವರ ಒಲೆ ಆರುವ ಭಯ.

೨. ೨೦೨೦ರ ಇಕ್ಕಟ್ಟು

ಅಂಥ ಭಯವು ೨೦೨೦ರಲ್ಲಿ ನಿಜವಾಯಿತು. ಕೊರೋನಾ ಮಹಾಮಾರಿಯು ಹಬ್ಬಿದ್ದರಿಂದ ಆ ವರ್ಷದ ಮಾರ್ಚ್ ೧೨ರಂದು ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿಯು ರದ್ದಾಯಿತು. ಅದರ ಆದಾಯದಿಂದ ಎನ್‌ಸಿಎಎ ತನ್ನ ಸದಸ್ಯ ಸಂಸ್ಥೆಗಳಿಗೆ ಹಂಚಬೇಕೆಂದಿದ್ದ ಮೊತ್ತ ೬೦ ಕೋಟಿ ಡಾಲರು. ಹಂಚಲು ಸಾಧ್ಯವಾದುದು ಕೇವಲ ೨೨ ಕೋಟಿ ೫೦ ಲಕ್ಷ ಡಾಲರು. ಮೈದಾನಗಳ ಬಾಗಿಲು ಮುಚ್ಚಿದುವು. ಫುಟ್‌ಬಾಲ್ ಋತು ನಡೆಯುವುದೋ ಇಲ್ಲವೋ ಎಂಬ ಸಂಶಯ ಎಲ್ಲೆಡೆಯೂ ಹಬ್ಬಿತು. ಈ ಕಾರಣದಿಂದ ಹಲವು ಕಾಲೇಜುಗಳು ತಮ್ಮ ಆಟಗಳ ಪಟ್ಟಿಯನ್ನು ಕತ್ತರಿಸತೊಡಗಿದುವು.

ಇವುಗಳಲ್ಲಿ ಎಲ್ಲರ ಕಣ್ಣು ಸೆಳೆದುದು ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ೧೮೮೫ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯವು ವಿದ್ಯೆಯಲ್ಲಿ ಹೇಗೋ ಆಟದಲ್ಲಿಯೂ ಹಾಗೆಯೇ ಅಗ್ರಗಣ್ಯವಾದುದು. ಎಲ್ಲ ಆಟಗಳ ಸಾಧನೆಯನ್ನೂ ಕೂಡಿಸಿ ಕೊಡುವ ‘ಡೈರೆಕ್ಟರ್ಸ್ ಕಪ್’ ಎಂಬ ಪಾರಿತೋಷಕವನ್ನು ೧೯೯೪-೯೫ರಿಂದ ೨೦೧೮-೧೯ರ ವರೆಗೆ ಸತತವಾಗಿ ೨೫ ವರ್ಷ ಅದೇ ಗೆದ್ದುಕೊಂಡಿತ್ತು. ಅಲ್ಲಿ ೩೬ ಬಗೆಯ ಕ್ರೀಡಾತಂಡಗಳಿದ್ದುವು. ಆ ದರ್ಜೆಯ ಕಾಲೇಜುಗಳ ಸರಾಸರಿಗೆ ಹೋಲಿಸಿದರೆ ಇದು ಸುಮಾರು ಎರಡರಷ್ಟು. ಎಂಟುನೂರ ಐವತ್ತಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಆ ತಂಡಗಳಲ್ಲಿದ್ದರು. ೨೦೧೨ರಿಂದ ಅಲ್ಲಿಯ ಕ್ರೀಡಾ ನಿರ್ದೇಶಕರಾಗಿದ್ದವರು ಬರ್ನಾರ್ಡ್ ಮ್ಯೂಯರ್ ಎಂಬವರು.

೨೦೨೦ರ ಜುಲೈ ೮ರಂದು ವಿಶ್ವವಿದ್ಯಾಲಯವು ಒಂದು ಬಹಿರಂಗ ಪತ್ರವನ್ನು ಪ್ರಕಟಿಸಿತು. ಆಗಿನ ಅಧ್ಯಕ್ಷ ಮಾರ್ಕ್ ಟೆಸ್ಸಿಯೆ-ಲವೀನ್, ಪ್ರೊವೋಸ್ಟ್ ಪರ್ಸಿಸ್ ಡ್ರೆಲ್, ಕ್ರೀಡಾ ನಿರ್ದೇಶಕ ಮ್ಯೂಯರ್, ಈ ಮೂವರ ಸಹಿ ಅದಕ್ಕಿದ್ದಿತು. ೩೬ ಆಟಗಳಲ್ಲಿ ೧೧ನ್ನು ಮುಂದಿನ ವರ್ಷದ ಕೊನೆಗೆ ನಿಲ್ಲಿಸುವುದೆಂಬುದೇ ಅದರ ಸಾರಾಂಶ. ಪುರುಷರ ಮತ್ತು ಸ್ತ್ರೀಯರ ಕತ್ತಿವರಸೆ, ಹಾಕಿ, ಹಗುರ ತೂಕದವರ ದೋಣಿಸ್ಪರ್ಧೆ, ಪುರುಷರ ದೋಣಿಸ್ಪರ್ಧೆ, ಎರಡು ಬಗೆಯ ಹಾಯಿದೋಣಿ, ಸ್ಕ್ವಾಷ್, ತಾಳಕ್ಕೆ ತಕ್ಕಂತೆ ಮೇಳವಾಗಿ ಈಜುವ ಆಟ, ಪುರುಷರ ವಾಲಿಬಾಲ್ ಮತ್ತು ಕುಸ್ತಿ, ಇವೇ ಆ ಹನ್ನೊಂದು. ಈ ತಂಡಗಳಲ್ಲಿ ೨೪೦ಕ್ಕೂ ಹೆಚ್ಚು ವಿದ್ಯಾರ್ಥಿಗಳೂ ೨೨ ಮಂದಿ ತರಬೇತುದಾರರೂ ಇದ್ದರು. ಇವೇ ತಂಡಗಳು ಹಿಂದೆ ೨೦ ರಾಷ್ಟ್ರೀಯ ಪ್ರಶಸ್ತಿಗಳನ್ನೂ ೨೭ ಒಲಿಂಪಿಕ್ ಪದಕಗಳನ್ನೂ ತಂದಿದ್ದುವೆಂದು ಆ ಪತ್ರವೇ ಒಪ್ಪಿಕೊಂಡಿತ್ತು.

೩. ಪತ್ರದ ಲೆಕ್ಕ

ಪತ್ರದಲ್ಲಿ ಕೊಟ್ಟ ಲೆಕ್ಕವನ್ನು ವಿದ್ಯಾರ್ಥಿಗಳು ಲಕ್ಷ್ಯವಿಟ್ಟು ನೋಡಬೇಕು. ಮಹಾಮಾರಿ ಬರುವ ಮೊದಲೇ ೨೦೨೧ರ ಆರ್ಥಿಕ ವರ್ಷಕ್ಕೆ ೧ ಕೋಟಿ ೨೦ ಲಕ್ಷ ಡಾಲರಿಗೂ ಮಿಕ್ಕಿದ ಕೊರತೆ ಬೀಳುವುದೆಂದು ಅಂದಾಜಾಗಿತ್ತು. ಮಹಾಮಾರಿಯ ತರುವಾಯ ಅದು, ಎಲ್ಲವೂ ಅನುಕೂಲವಾಗಿ ನಡೆದರೂ, ೨ ಕೋಟಿ ೫೦ ಲಕ್ಷಕ್ಕೆ ಏರಿತು. ಮೂರು ವರ್ಷಗಳ ಒಟ್ಟು ಕೊರತೆಯು ೭ ಕೋಟಿ ಡಾಲರಿನ ಸಮೀಪಕ್ಕೆ ಹೋಗುವುದೆಂದು ಎಣಿಸಲಾಯಿತು. ಈ ಹನ್ನೊಂದು ಆಟಗಳನ್ನು ಉತ್ತಮ ಮಟ್ಟದಲ್ಲಿ ಶಾಶ್ವತವಾಗಿ ನಡೆಸಬೇಕಾದರೆ ೨೦ ಕೋಟಿ ಡಾಲರಿಗೂ ಹೆಚ್ಚಿನ ನಿಧಿ ಬೇಕು, ಅಷ್ಟನ್ನು ಕೂಡಿಸುವುದು ಆಗದ ಮಾತು ಎಂದು ಪತ್ರವು ಹೇಳಿತು.

ಇಲ್ಲಿ ‘ಶಾಶ್ವತವಾಗಿ’ ಎಂಬ ಶಬ್ದವು ಮುಖ್ಯವಾದುದು. ನಮ್ಮ ಕಡೆಯ ಗುಡಿಗಳಿಗೆ ಹಿರಿಯರು ಭೂಮಿಯನ್ನು ದತ್ತಿಯಾಗಿ ಬಿಟ್ಟುದನ್ನು ಓದುಗರು ಬಲ್ಲರು. ಆ ಭೂಮಿಯನ್ನು ಮಾರುವಂತಿಲ್ಲ. ಅದರ ಬೆಳೆಯಿಂದ ಮಾತ್ರ ದೀಪ, ನೈವೇದ್ಯ ನಡೆಯಬೇಕು. ಅಮೇರಿಕೆಯ ವಿಶ್ವವಿದ್ಯಾಲಯಗಳ ಮೂಲನಿಧಿಯೂ ಇದೇ ರೀತಿಯದು. ಮೂಲವನ್ನು ಮುಟ್ಟದೆ ಅದರ ಉತ್ಪನ್ನದಿಂದಲೇ ಖರ್ಚು ಸಾಗಬೇಕು. ವರ್ಷಕ್ಕೆ ನೂರಕ್ಕೆ ಐದರಂತೆ ಉತ್ಪನ್ನ ಬರುವುದೆಂದು ಹಿಡಿದರೆ ೨೦ ಕೋಟಿಯ ನಿಧಿಯಿಂದ ವರ್ಷಕ್ಕೆ ೧ ಕೋಟಿ ಡಾಲರು ಬರುವುದು. ಆದರೆ ಗುಡಿಯ ದೀಪವನ್ನು ದತ್ತಿಯಿಂದಲೇ ಉರಿಸಬೇಕೆಂಬ ನಿಯಮವಿಲ್ಲ. ಊರವರು ವರ್ಷ ವರ್ಷ ವರ್ಗಣಿ ಕೊಟ್ಟೂ ಉರಿಸಬಹುದು. ಈ ಎರಡು ದಾರಿಗಳ ಅಂತರವೇ ಮುಂದಿನ ವಿವಾದದ ತಿರುಳಾಯಿತು.

ಆಯ್ಕೆಗೆ ಪತ್ರವು ಕೊಟ್ಟ ಕಾರಣಗಳಲ್ಲಿ ಇನ್ನೊಂದು ಇದೆ. ಈ ಆಟಗಳನ್ನು ಆಡುವ ಕಾಲೇಜುಗಳು ದೇಶದಲ್ಲಿ ಕಡಮೆ ಎಂಬುದೇ ಅದು. ಹನ್ನೊಂದರಲ್ಲಿ ಒಂದನ್ನಾದರೂ ಆ ದರ್ಜೆಯ ಮುನ್ನೂರೈವತ್ತಕ್ಕೂ ಹೆಚ್ಚಿನ ಸಂಸ್ಥೆಗಳಲ್ಲಿ ನೂರಕ್ಕೆ ೨೨ರಷ್ಟೂ ನಡೆಸುತ್ತಿರಲಿಲ್ಲ. ಮೇಲ್ನೋಟಕ್ಕೆ ಇದು ಸರಿಯಾದ ಕಾರಣವೆಂದು ತೋರುತ್ತದೆ. ಸ್ವಲ್ಪ ವಿಚಾರ ಮಾಡಿದರೆ ಇದರೊಳಗಿನ ದೋಷ ಕಾಣುವುದು. ‘ಕೆಲವರೇ ಆಡುತ್ತಾರೆ, ಆದಕಾರಣ ನಾವು ಬಿಡುತ್ತೇವೆ’ ಎಂದು ಒಂದು ಸಂಸ್ಥೆ ಬಿಟ್ಟರೆ ಆಡುವವರು ಇನ್ನೂ ಕಡಮೆಯಾಗುವರು. ಆಗ ಎರಡನೆಯ ಸಂಸ್ಥೆಗೆ ಅದೇ ಕಾರಣವು ಇನ್ನಷ್ಟು ಬಲವಾಗಿ ಒದಗುವುದು. ಹೀಗೆ ಒಬ್ಬರನ್ನು ನೋಡಿ ಒಬ್ಬರು ಬಿಡುತ್ತ ಹೋದರೆ, ಯಾರೂ ಕೊಲ್ಲಬೇಕೆಂದು ಬಯಸದಿದ್ದರೂ ಆ ಆಟವು ಸತ್ತುಹೋಗುವುದು.

೪. ವಿರೋಧವೂ ಹಿಂತೆಗೆತವೂ

ನಿರ್ಧಾರವು ಕೇಳಿದವರಿಗೆಲ್ಲ ಸಿಡಿಲಿನಂತೆ ಎರಗಿತು. ಹಣ ಸಾಲದೆಂಬುದಕ್ಕಿಂತಲೂ, ಅದನ್ನು ತಮಗೆ ಮೊದಲು ತಿಳಿಸಲಿಲ್ಲವೆಂಬುದೇ ಹಳೆಯ ವಿದ್ಯಾರ್ಥಿಗಳ ಮುಖ್ಯ ದೂರಾಗಿತ್ತು. ಒಂದೊಂದು ಆಟಕ್ಕೂ ಎಷ್ಟೆಷ್ಟು ಬೇಕೆಂದು ಹೇಳಿ ಸ್ವಲ್ಪ ಕಾಲಾವಕಾಶ ಕೊಟ್ಟಿದ್ದರೆ ತಾವೇ ಮುಂದೆ ಬಂದು ಹಣ ಕೂಡಿಸುತ್ತಿದ್ದೆವೆಂದು ಅವರು ವಾದಿಸಿದರು. ‘೩೬ ಸ್ಪೋರ್ಟ್ಸ್ ಸ್ಟ್ರಾಂಗ್’ ಎಂಬ ಹೆಸರಿನಲ್ಲಿ ಅವರು ಒಂದುಗೂಡಿದರು. ನಿಲ್ಲಿಸದೆ ಉಳಿಸಿಕೊಂಡ ಆಟಗಳ ಪ್ರಸಿದ್ಧ ಪಟುಗಳೂ ಅವರ ಬೆಂಬಲಕ್ಕೆ ನಿಂತರು. ತಮ್ಮ ಮನೆಗೆ ಬೆಂಕಿ ಬೀಳದಿದ್ದರೂ ನೆರೆಮನೆಯ ಬೆಂಕಿಯನ್ನು ಆರಿಸಲು ಓಡಿಬಂದ ಈ ಗುಣವನ್ನು ನಾವು ಮೆಚ್ಚಲೇಬೇಕು.

ಜಾತ್ರೆಯ ಕಣದಲ್ಲಿ ಕುಸ್ತಿ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಮುಂದಿನ ಪ್ರಸಂಗವು ವಿಶೇಷವಾಗಿ ಹಿಡಿಸುವುದು. ೨೦೨೧ರ ಮಾರ್ಚಿನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ರಾಷ್ಟ್ರೀಯ ಕಾಲೇಜು ಕುಸ್ತಿ ಪಂದ್ಯಗಳು ನಡೆದುವು. ಸ್ಟ್ಯಾನ್‌ಫರ್ಡಿನ ಶೇನ್ ಗ್ರಿಫಿತ್ ಎಂಬ ಪೈಲವಾನನು ೧೬೫ ಪೌಂಡು, ಅಂದರೆ ಸುಮಾರು ೭೫ ಕಿಲೋ ತೂಕದ ವರ್ಗದಲ್ಲಿ ಕಣಕ್ಕಿಳಿದನು. ಅವನ ಉಡುಪು ಬರಿಯ ಕಪ್ಪು ಬಣ್ಣದ್ದಾಗಿತ್ತು. ವಿಶ್ವವಿದ್ಯಾಲಯದ ಹೆಸರಾಗಲಿ ಚಿಹ್ನೆಯಾಗಲಿ ಅದರ ಮೇಲಿರಲಿಲ್ಲ. ತನ್ನನ್ನು ಬೇಡವೆಂದ ಮನೆಯ ಹೆಸರನ್ನು ಹೊರದೆಯೇ ಅವನು ಆ ಮನೆಗಾಗಿ ಸೆಣಸಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದನು. ಆ ವಿಶ್ವವಿದ್ಯಾಲಯದ ಕುಸ್ತಿಯ ಇತಿಹಾಸದಲ್ಲಿ ಅಂಥ ಪ್ರಶಸ್ತಿ ದೊರೆತುದು ಅದು ಎರಡನೆಯ ಸಲ ಮಾತ್ರ. ಬಾಯಿಬಿಟ್ಟು ಒಂದು ಕಟುಮಾತನ್ನೂ ಆಡದೆ ಆ ಕಪ್ಪು ಉಡುಪು ದೇಶಕ್ಕೆಲ್ಲ ವಿಷಯವನ್ನು ತಿಳಿಸಿಬಿಟ್ಟಿತು.

ಮೇ ತಿಂಗಳಲ್ಲಿ ಎರಡು ದಾವೆಗಳು ನ್ಯಾಯಾಲಯಕ್ಕೆ ಹೋದುವು. ಅವುಗಳಲ್ಲೊಂದು ಸ್ತ್ರೀಕ್ರೀಡಾಪಟುಗಳು ೧೯೭೨ರ ‘ಟೈಟಲ್ ನೈನ್’ ಎಂಬ ಕಾನೂನಿನ ಆಧಾರದ ಮೇಲೆ ಹೂಡಿದುದು. ಕೇಂದ್ರ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಸ್ತ್ರೀಪುರುಷರೆಂಬ ಭೇದ ಮಾಡಕೂಡದೆಂದು ಆ ಕಾನೂನು ವಿಧಿಸುತ್ತದೆ. ಅದೇ ತಿಂಗಳ ೧೮ರಂದು ವಿಶ್ವವಿದ್ಯಾಲಯವು ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಹಣದ ಸ್ಥಿತಿ ಸುಧಾರಿಸಿದೆ, ಹಳೆಯ ವಿದ್ಯಾರ್ಥಿಗಳ ದಾನೋತ್ಸಾಹವು ಹೊಸ ಭರವಸೆಯನ್ನು ತಂದಿದೆ ಎಂದು ಅದಕ್ಕೆ ಕಾರಣ ಕೊಡಲಾಯಿತು. ಹನ್ನೊಂದು ಆಟಗಳೂ ಉಳಿದುವು.

೫. ತೂಗಿನೋಡುವ ಬಗೆ

ಈಗ ನಿರ್ದೇಶಕರ ಮುಂದಾಳುತನವನ್ನು ಅಳೆಯೋಣ. ಇದಕ್ಕೆ ನಾಲ್ಕು ಅಳತೆಗೋಲುಗಳನ್ನು ಉಪಯೋಗಿಸುವುದು ಯೋಗ್ಯವೆಂದು ನಮಗೆ ತೋರುತ್ತದೆ.

ಮೊದಲನೆಯದು ಲೆಕ್ಕದ ಸತ್ಯತೆ. ಈ ವಿಷಯದಲ್ಲಿ ಮ್ಯೂಯರರೂ ಅವರ ಮೇಲಧಿಕಾರಿಗಳೂ ಪ್ರಶಂಸೆಗೆ ಅರ್ಹರು. ಕೊರತೆಯ ಅಂಕಿಗಳನ್ನು ಅವರು ಬಚ್ಚಿಡಲಿಲ್ಲ. ಮಹಾಮಾರಿಯ ಮೇಲೆಯೇ ಎಲ್ಲ ದೋಷವನ್ನೂ ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭವಾಗಿತ್ತು. ಕೊರತೆ ಅದಕ್ಕಿಂತ ಮೊದಲೇ ಇತ್ತೆಂದು ಅವರು ಬರೆದರು. ಹಣವಿದ್ದೂ ಇಲ್ಲವೆಂದು ನಟಿಸಿದರೆಂಬ ಅಪವಾದವನ್ನು ನಾವು ಅವರ ಮೇಲೆ ಹೊರಿಸಲಾರೆವು.

ಎರಡನೆಯದು ಹೊರೆಯ ಹಂಚಿಕೆ. ಮೂವತ್ತಾರು ಆಟಗಳಿಗೂ ಸ್ವಲ್ಪ ಸ್ವಲ್ಪ ಕಡಮೆ ಕೊಡುವುದೋ, ಹನ್ನೊಂದನ್ನು ಪೂರ್ತಿಯಾಗಿ ಬಿಡುವುದೋ ಎಂಬ ಪ್ರಶ್ನೆ ಅವರ ಮುಂದಿತ್ತು. ಎಲ್ಲವನ್ನೂ ಸೊರಗಿಸುವುದಕ್ಕಿಂತ ಕೆಲವನ್ನು ಬಿಟ್ಟು ಉಳಿದುವನ್ನು ಉತ್ತಮವಾಗಿ ನಡೆಸುವುದು ಮೇಲೆಂಬುದು ಅವರ ಅಭಿಪ್ರಾಯ. ಇದರಲ್ಲಿ ತಥ್ಯವಿಲ್ಲದಿಲ್ಲ. ಈಗಾಗಲೇ ಕೊಟ್ಟ ವಿದ್ಯಾರ್ಥಿವೇತನಗಳನ್ನು ನಿಲ್ಲಿಸುವುದಿಲ್ಲ, ತರಬೇತುದಾರರೊಡನೆ ಮಾಡಿಕೊಂಡ ಕರಾರನ್ನು ಪಾಲಿಸುತ್ತೇವೆ ಎಂದು ಅವರು ಮಾತು ಕೊಟ್ಟುದೂ ನ್ಯಾಯವಾದ ನಡತೆಯೇ. ಆದರೂ ಕೊಡಲಿಯ ಏಟು ಬಿದ್ದುದು ದನಿ ಸಣ್ಣದಾಗಿದ್ದವರ ಮೇಲೆ. ಹದಿನೆಂಟು ವರ್ಷದ ಹುಡುಗನೊಬ್ಬನು ಈ ಆಟವನ್ನೇ ನಂಬಿ ಬೇರೆ ಕಾಲೇಜುಗಳನ್ನು ಬಿಟ್ಟು ಇಲ್ಲಿಗೆ ಬಂದಿದ್ದರೆ, ವಿದ್ಯಾರ್ಥಿವೇತನವು ಉಳಿದರೂ ಅವನ ನಂಬಿಕೆ ಉಳಿಯಿತೇ?

ಮೂರನೆಯದು ಸಮಾಲೋಚನೆ. ಇಲ್ಲಿಯೇ ನಿರ್ದೇಶಕರು ಹಿಂದೆ ಬಿದ್ದರೆಂದು ನಾವು ಹೇಳಬೇಕಾಗಿದೆ. ಆ ಹನ್ನೊಂದು ತಂಡಗಳನ್ನು ಕಟ್ಟಿದವರು ನಾಲ್ಕು ಸಾವಿರಕ್ಕೂ ಹೆಚ್ಚಿನ ಹಳೆಯ ವಿದ್ಯಾರ್ಥಿಗಳು. ಅವರಲ್ಲಿ ಸಾಮರ್ಥ್ಯವುಳ್ಳವರು ಬಹಳ ಮಂದಿ ಇದ್ದರು. ಮುಂದಿನ ಹತ್ತು ತಿಂಗಳುಗಳಲ್ಲಿ ಅದು ಸ್ಪಷ್ಟವಾಯಿತು. ೨೦ ಕೋಟಿ ಕೂಡುವುದಿಲ್ಲವೆಂದು ನಿರ್ಧರಿಸುವ ಮೊದಲು ಅವರೆಲ್ಲರನ್ನೂ ಬಹಿರಂಗವಾಗಿ ಕೇಳಿನೋಡಲಿಲ್ಲ. ಕೇಳಿದ್ದರೆ ‘ಆಗದು’ ಎಂಬ ಉತ್ತರವೇ ಬರುತ್ತಿತ್ತೆಂದು ಇಟ್ಟುಕೊಳ್ಳೋಣ. ಆಗಲೂ ಅದು ಎಲ್ಲರೂ ಕೂಡಿ ಕಂಡುಕೊಂಡ ಉತ್ತರವಾಗುತ್ತಿತ್ತು. ದುಃಖವಿರುತ್ತಿತ್ತು, ರೋಷವಿರುತ್ತಿರಲಿಲ್ಲ. ದೊಡ್ಡ ಮೊತ್ತವೆಂಬ ಭಯದಿಂದ ಸಣ್ಣ ಕೊಡುಗೆಗಳ ಬಾಗಿಲನ್ನು ಮುಚ್ಚಿದುದೇ ಈ ಪ್ರಕರಣದ ಮುಖ್ಯ ತಪ್ಪೆಂದು ನಮ್ಮ ಅಭಿಪ್ರಾಯ.

ನಾಲ್ಕನೆಯದು ತಿದ್ದಿಕೊಳ್ಳುವ ಶಕ್ತಿ. ನಿರ್ಧಾರವನ್ನು ಹಿಂತೆಗೆದುಕೊಂಡುದನ್ನು ಕೆಲವರು ಸೋಲೆಂದರು. ದಾವೆಗಳ ಒತ್ತಡವಿದ್ದಾಗ ಬಂದ ಬದಲಾವಣೆಗೆ ಪೂರ್ಣ ಅಂಕಗಳನ್ನು ಕೊಡಲಾಗದೆಂಬುದು ನಿಜ. ಆದರೆ ಪ್ರತಿಷ್ಠೆಯನ್ನು ಹಿಡಿದು ಕುಳಿತು ತಪ್ಪನ್ನೇ ಮುಂದುವರಿಸಿದ ಮುಂದಾಳುಗಳು ಇತಿಹಾಸದಲ್ಲಿ ಕಡಮೆಯಿಲ್ಲ. ತಡವಾಗಿಯಾದರೂ ಹಿಂದಿರುಗಿದವನು ದಾರಿ ತಪ್ಪಿದವನೆಂದೇ ಉಳಿಯುವುದಿಲ್ಲ.

೬. ಇನ್ನೊಂದು ವಿಶ್ವವಿದ್ಯಾಲಯ

ಹೋಲಿಕೆಯಿಲ್ಲದೆ ತೀರ್ಪು ಪೂರ್ಣವಾಗುವುದಿಲ್ಲ. ಅದೇ ೨೦೨೦ರ ಸಪ್ಟಂಬರ ೩ರಂದು ವರ್ಜೀನಿಯಾ ಸಂಸ್ಥಾನದ ವಿಲಿಯಂ ಅಂಡ್ ಮೇರಿ ವಿಶ್ವವಿದ್ಯಾಲಯವು ಏಳು ಆಟಗಳನ್ನು ನಿಲ್ಲಿಸುವುದಾಗಿ ಸಾರಿತು. ೧೬೯೩ರಲ್ಲಿ ಸ್ಥಾಪಿತವಾದ ಅತಿ ಪ್ರಾಚೀನ ಸಂಸ್ಥೆ ಅದು. ಅಲ್ಲಿಯ ಕ್ರೀಡಾ ನಿರ್ದೇಶಕಿ ಸಮಂತಾ ಹ್ಯೂಜ್ ಎಂಬವರು. ಅವರ ಪ್ರಕಟಣೆಯ ಹಲವು ವಾಕ್ಯಗಳು ಸ್ಟ್ಯಾನ್‌ಫರ್ಡಿನ ಪತ್ರದ ವಾಕ್ಯಗಳನ್ನೇ ಹೋಲುತ್ತಿದ್ದುವೆಂದು ಓದಿದವರು ಬೇಗನೆ ಕಂಡುಹಿಡಿದರು. ತಮ್ಮ ಮಕ್ಕಳ ಕನಸನ್ನು ಮುಗಿಸುವ ಪತ್ರಕ್ಕೂ ಸ್ವಂತ ಮಾತು ಸಿಗಲಿಲ್ಲವೇ ಎಂದು ಜನ ನೊಂದುಕೊಂಡರು. ಅಕ್ಟೋಬರ ೬ರಂದು ನಿರ್ದೇಶಕಿಯವರು ರಾಜೀನಾಮೆ ಕೊಟ್ಟರು. ಅದೇ ತಿಂಗಳಲ್ಲಿ ಸ್ತ್ರೀಯರ ಮೂರು ಆಟಗಳನ್ನೂ ನವಂಬರ ತಿಂಗಳಲ್ಲಿ ಪುರುಷರ ನಾಲ್ಕು ಆಟಗಳನ್ನೂ ಮರಳಿ ನಡೆಸಲು ಆ ಸಂಸ್ಥೆ ಒಪ್ಪಿತು.

ಪರೀಕ್ಷೆಯಲ್ಲಿ ನೆರೆಯವನ ಉತ್ತರವನ್ನು ನೋಡಿ ಬರೆಯಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಅದಕ್ಕೆ ಕಾರಣವು ಶಿಕ್ಷೆಯ ಭಯ ಮಾತ್ರವಲ್ಲ. ನೆರೆಯವನಿಗೆ ಬಂದ ಪ್ರಶ್ನೆ ಬೇರೆ, ನಮಗೆ ಬಂದ ಪ್ರಶ್ನೆ ಬೇರೆ ಇರಬಹುದು. ಒಂದು ಸಂಸ್ಥೆಯ ಕಷ್ಟಕ್ಕೆ ಇನ್ನೊಂದರ ಮಾತು ಎಂದಿಗೂ ಸರಿಯಾಗಿ ಹೊಂದಲಾರದು. ಸ್ಟ್ಯಾನ್‌ಫರ್ಡಿನ ಪತ್ರದಲ್ಲಿ ತಪ್ಪಿದ್ದರೂ ಅದು ಅವರ ಸ್ವಂತ ಲೆಕ್ಕವಾಗಿತ್ತು. ಆದಕಾರಣ ಈ ಹೋಲಿಕೆಯಲ್ಲಿ ಮ್ಯೂಯರರ ತಟ್ಟೆಯೇ ತೂಗುತ್ತದೆ.

೭. ಆಮೇಲೆ ಏನಾಯಿತು?

ಆಟಗಳು ಉಳಿದುವೆಂದ ಮಾತ್ರಕ್ಕೆ ಹಣದ ಚಿಂತೆ ತೀರಲಿಲ್ಲ. ಸ್ಟ್ಯಾನ್‌ಫರ್ಡು ಸೇರಿದ್ದ ಪಶ್ಚಿಮತೀರದ ‘ಪ್ಯಾಕ್-೧೨’ ಎಂಬ ಒಕ್ಕೂಟದ ಹನ್ನೆರಡು ಸದಸ್ಯರಲ್ಲಿ ಎಂಟು ಮಂದಿ ದೂರದರ್ಶನದ ಹೆಚ್ಚಿನ ಹಣದ ಕಡೆಗೆ ಹೊರಟುಹೋದರು. ಒಕ್ಕೂಟವು ಒಡೆದುದರಿಂದ ಸ್ಟ್ಯಾನ್‌ಫರ್ಡು ೨೦೨೪ರಲ್ಲಿ ಅಟ್ಲಾಂಟಿಕ್ ತೀರದ ಒಕ್ಕೂಟವನ್ನು ಸೇರಬೇಕಾಯಿತು. ಪ್ರಾರಂಭದ ಕೆಲವು ವರ್ಷ ಇತರ ಸದಸ್ಯರಿಗಿಂತ ಬಹಳ ಕಡಮೆ ಪಾಲು ತೆಗೆದುಕೊಳ್ಳಲು ಅದು ಒಪ್ಪಿಕೊಂಡಿತು. ಪಂದ್ಯಗಳಿಗಾಗಿ ಖಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಪ್ರಯಾಣದ ಖರ್ಚು ಬೇರೆ. ೨೦೨೫ರ ಜೂನ್ ತಿಂಗಳಲ್ಲಿ ನ್ಯಾಯಾಲಯವು ಒಪ್ಪಿದ ಒಂದು ರಾಜಿಯ ಪ್ರಕಾರ ಕಾಲೇಜುಗಳು ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದೆಂದಾಯಿತು. ಮೊದಲ ವರ್ಷಕ್ಕೆ ಒಂದೊಂದು ಸಂಸ್ಥೆಯ ಮಿತಿಯು ಸುಮಾರು ೨ ಕೋಟಿ ೫ ಲಕ್ಷ ಡಾಲರು. ಇಷ್ಟು ಹಣವನ್ನು ಎಲ್ಲಿಂದ ತರುವುದು, ಆದಾಯವಿಲ್ಲದ ಆಟಗಳನ್ನು ಹೇಗೆ ಉಳಿಸುವುದು ಎಂಬ ಚಿಂತೆಯು ಆ ದೇಶದ ಕ್ರೀಡಾ ನಿರ್ದೇಶಕರಿಗೆ ಮತ್ತೆ ಎದುರಾಯಿತು.

ಮ್ಯೂಯರರು ೨೦೨೫ರಲ್ಲಿ ಅಧಿಕಾರದಿಂದ ಇಳಿದರು. ಅವರ ಸ್ಥಾನಕ್ಕೆ ನೈಕಿ ಕಂಪನಿಯ ಹಿಂದಿನ ಮುಖ್ಯಾಧಿಕಾರಿ ಜಾನ್ ಡೊನಾಹೊ ಬಂದರು. ಶಿಕ್ಷಕನ ಗುಣಕ್ಕಿಂತ ವ್ಯಾಪಾರಿಯ ಗುಣವನ್ನೇ ಈ ಹುದ್ದೆಯು ಹೆಚ್ಚಾಗಿ ಬೇಡತೊಡಗಿದೆಯೆಂಬುದಕ್ಕೆ ಇದು ಸೂಚನೆ. ಮ್ಯೂಯರರ ಕಾಲದಲ್ಲಿಯೇ ೨೦೨೨-೨೩ರ ಡೈರೆಕ್ಟರ್ಸ್ ಕಪ್ ಮತ್ತೆ ಸ್ಟ್ಯಾನ್‌ಫರ್ಡಿಗೆ ಬಂದಿತು. ಆದುದರಿಂದ ಅವರ ಹದಿಮೂರು ವರ್ಷಗಳ ಸೇವೆಯನ್ನು ಒಂದು ಪತ್ರದಿಂದ ಅಳೆದುಬಿಡುವುದು ನ್ಯಾಯವಾಗದು. ಆ ಪತ್ರವನ್ನು ಬಿಟ್ಟು ಅಳೆಯುವುದೂ ನ್ಯಾಯವಾಗದು.

೮. ನಮಗೆ ಇದರಿಂದ ಬರುವ ಪಾಠ

ಇಷ್ಟು ದೂರದ ಸಂಗತಿ ನಮಗೇಕೆಂದು ಪಾಲಕರು ಕೇಳಬಹುದು. ಕೋಟಿ ಡಾಲರುಗಳ ಲೆಕ್ಕವನ್ನು ಬದಿಗಿಟ್ಟು ನೋಡಿದರೆ ಉಳಿಯುವ ಪ್ರಶ್ನೆಯು ನಮಗೆ ಅತಿ ಸಮೀಪದ್ದು. ‘ಸಂಖ್ಯೆ ಕಡಮೆ, ಖರ್ಚು ಹೆಚ್ಚು, ಆದಕಾರಣ ನಿಲ್ಲಿಸೋಣ’ ಎಂಬ ಮಾತನ್ನು ಗಡಿಯಾಚೆಯ ಕನ್ನಡ ಶಾಲೆಗಳವರು ಕೇಳದವರೇನೂ ಅಲ್ಲ. ಒಂದು ತರಗತಿಯಲ್ಲಿ ಏಳೆಂಟು ಮಕ್ಕಳೇ ಉಳಿದಾಗ ಅದನ್ನು ಮುಚ್ಚುವುದು ಲೆಕ್ಕಕ್ಕೆ ಸರಿ ಎನಿಸಬಹುದು. ಆದರೆ ಮುಚ್ಚಿದ ತರಗತಿಯ ಕಾರಣದಿಂದ ನೆರೆಯ ಊರಿನ ತರಗತಿಗೂ ಮಕ್ಕಳು ಕಡಮೆಯಾಗುವರು. ಕುಸ್ತಿಗೂ ಕತ್ತಿವರಸೆಗೂ ಆಗಲಿದ್ದುದೇ ನುಡಿಗೂ ಆಗಬಲ್ಲುದು. ಅದನ್ನು ತಡೆಯುವವರು ಯಾರು? ಅಲ್ಲಿ ಹಳೆಯ ವಿದ್ಯಾರ್ಥಿಗಳು ಎದ್ದು ನಿಂತರು. ಇಲ್ಲಿಯೂ ಹಳೆಯ ವಿದ್ಯಾರ್ಥಿಗಳೂ ಪಾಲಕರೂ ಎದ್ದು ನಿಲ್ಲಬೇಕು. ಬಾಗಿಲು ಮುಚ್ಚಿದ ಮೇಲಲ್ಲ, ಮುಚ್ಚುವ ಮೊದಲು. ಹಾಗೆ ನಿಲ್ಲಬೇಕಾದರೆ ಸಂಸ್ಥೆಯನ್ನು ನಡೆಸುವವರು ಜಮಾಖರ್ಚನ್ನು ಕಾಲಕಾಲಕ್ಕೆ ಅವರ ಮುಂದೆ ಬಿಚ್ಚಿಡಬೇಕು. ಕೊರತೆಯನ್ನು ಹೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಹೇಳದೆ ಇದ್ದು ಒಂದು ದಿನ ಬೀಗ ಹಾಕುವುದು ನಾಚಿಕೆಯ ವಿಷಯ.

ನಮ್ಮ ನೆರೆಯ ಕೊಲ್ಲಾಪುರದ ಒಂದು ನಿದರ್ಶನದಿಂದ ಈ ಪಾಠವನ್ನು ಮುಗಿಸುತ್ತೇವೆ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕೂಟಕ್ಕೆ ಹೋಗಲು ಪೈಲವಾನ ಖಾಶಾಬಾ ಜಾಧವರಿಗೆ ಹಣವಿರಲಿಲ್ಲ. ಊರವರು ಕೈಲಾದಷ್ಟು ವರ್ಗಣಿ ಕೂಡಿಸಿದರು. ಅವರು ಕಲಿತಿದ್ದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಸ್ವಂತ ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿಗಳನ್ನು ಒದಗಿಸಿದರು. ಜಾಧವರು ಕಂಚಿನ ಪದಕದೊಡನೆ ಹಿಂದಿರುಗಿದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿಯು ತಂದ ಮೊದಲನೆಯ ಒಲಿಂಪಿಕ್ ಪದಕ ಅದು. ಪ್ರತಿಯೊಬ್ಬ ಮುಂದಾಳೂ ಮನೆಯನ್ನು ಒತ್ತೆಯಿಡಬೇಕೆಂದು ನಾವು ಹೇಳುವುದಿಲ್ಲ. ಸಂಸಾರಿಗೆ ಅದು ಸಾಧ್ಯವೂ ಅಲ್ಲ. ಆದರೆ ಇಲ್ಲಿ ಕ್ರಮವನ್ನು ಗಮನಿಸಿರಿ. ಊರು ಕೇಳಲ್ಪಟ್ಟಿತು, ಊರು ಕೊಟ್ಟಿತು, ಸಾಲದೆ ಬಂದುದಕ್ಕೆ ಹಿರಿಯನು ತಾನೇ ಹೆಗಲು ಕೊಟ್ಟನು. ‘ಆಗದು’ ಎಂಬ ಮಾತು ಅಲ್ಲಿ ಮೊದಲು ಬರಲಿಲ್ಲ.

ನಾಳೆ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಸಂಘಗಳ ಕಾರ್ಯದರ್ಶಿಗಳಾಗುವರು, ಕೆಲವರು ಶಾಲೆಗಳ ಮುಖ್ಯೋಪಾಧ್ಯಾಯರಾಗುವರು; ಎಲ್ಲರೂ ಒಂದಲ್ಲ ಒಂದು ಮನೆಯ ಹೊಣೆಯನ್ನು ಹೊರುವರು. ಹಗೇವು ಬರಿದಾಗುವ ವರ್ಷ ಎಲ್ಲರಿಗೂ ಬರುವುದುಂಟು. ಆಗ ಮೊದಲು ಹಗೇವಿನ ಬಾಯಿ ತೆರೆದು ಮನೆಯವರೆಲ್ಲರಿಗೂ ತೋರಿಸಿರಿ. ಆಮೇಲೆ ಎಲ್ಲರೂ ಕೂಡಿ ಕುಳಿತು ಹಂಚಿಕೊಳ್ಳಿರಿ.

ವಿದ್ಯಾರ್ಥಿಗಳು ವಿಚಾರ ಮಾಡಬೇಕಾದ ಪ್ರಶ್ನೆಗಳು

೧. ಮೂಲನಿಧಿಯಿಂದ ನಡೆಸುವುದಕ್ಕೂ ವರ್ಗಣಿಯಿಂದ ನಡೆಸುವುದಕ್ಕೂ ಇರುವ ಗುಣದೋಷಗಳಾವುವು?

೨. ನೂರಕ್ಕೆ ನಾಲ್ಕರಂತೆ ಉತ್ಪನ್ನ ಬರುವುದಾದರೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ದೊರೆಯಲು ಎಷ್ಟು ಮೂಲನಿಧಿ ಬೇಕು?

೩. ‘ಕೆಲವರೇ ಆಡುತ್ತಾರೆ’ ಎಂಬುದು ಒಂದು ಆಟವನ್ನು ನಿಲ್ಲಿಸಲು ಸಾಕಾದ ಕಾರಣವೇ? ನಿಮ್ಮ ಉತ್ತರವನ್ನು ಎರಡೂ ಪಕ್ಷಗಳ ವಾದವನ್ನು ಕೊಟ್ಟು ಬರೆಯಿರಿ.

೪. ನೀವೇ ಕ್ರೀಡಾ ನಿರ್ದೇಶಕರಾಗಿದ್ದರೆ ಜುಲೈ ೮ರ ಆ ಪತ್ರದ ಬದಲು ಯಾವ ಪತ್ರವನ್ನು ಬರೆಯುತ್ತಿದ್ದಿರಿ? ಹತ್ತು ವಾಕ್ಯಗಳಲ್ಲಿ ಬರೆದು ಮನೆಯ ಹಿರಿಯರಿಗೆ ಓದಿ ತೋರಿ, ಅವರ ಅಭಿಪ್ರಾಯವನ್ನು ಕೇಳಿರಿ.